ಬಾಕ್ಸ್ ಸ್ಕೋರ್ ಓದುವುದು ಹೇಗೆ? ಬಾಸ್ಕೆಟ್‌ಬಾಲ್ ಅಂಕಿಪಟ್ಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಕೆಟ್‌ಬಾಲ್‌ನ ಗೀಳು ಹತ್ತಿದವರು ಮೊದಲ ಕೆಲವು ವಾರ ಆಟವನ್ನಷ್ಟೇ ನೋಡುತ್ತಾರೆ. ಆಮೇಲೊಂದು ದಿನ ಪಂದ್ಯ ತಪ್ಪಿಹೋಗುತ್ತದೆ. ಏನಾಯಿತೆಂದು ತಿಳಿಯಲು ಅಂಕಿಪಟ್ಟಿ ತೆರೆದರೆ ಸಾಲು ಸಾಲು ಸಂಖ್ಯೆಗಳು, ಅರ್ಥವಾಗದ ಮೊಟಕು ಹೆಸರುಗಳು. ಆಗ ನನ್ನ ಬಳಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಉದಾಹರಣೆ ಬೇಕಾದಾಗ ಹೆಚ್ಚಾಗಿ ಒಂದೇ ಪಂದ್ಯಕ್ಕೆ ಮರಳುತ್ತೇನೆ: 2010ರ ಜೂನ್ 17ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನ ಏಳನೆಯ ಪಂದ್ಯ. ಲೇಕರ್ಸ್ 83, ಬೋಸ್ಟನ್ ಸೆಲ್ಟಿಕ್ಸ್ 79. ನೋಡಲು ಅದೇನೂ ಸೊಗಸಾದ ಆಟವಲ್ಲ, ಚೆಂಡು ಬಾಸ್ಕೆಟ್‌ಗೆ ಬೀಳಲು ಒಪ್ಪದೆ ಹಟ ಹಿಡಿದಿದ್ದ ರಾತ್ರಿ ಅದು. ಆದರೆ ಅಂಕಿಪಟ್ಟಿ ಓದಲು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

## ಅಕ್ಷರಾಭ್ಯಾಸ

ಪಟ್ಟಿ ತೆರೆದ ಕೂಡಲೇ ಮೊದಲು ಎಲ್ಲಿ ನೋಡಬೇಕು?

ಕೆಳಗಿನ ಸಾಲನ್ನು. ಎಲ್ಲರ ಕಣ್ಣೂ ಮೊದಲು ಓಡುವುದು ತಾರಾ ಆಟಗಾರನ ಹೆಸರಿಗೆ, ಅಲ್ಲಿಂದ ಅವನು ಗಳಿಸಿದ ಅಂಕಗಳಿಗೆ. ನನ್ನ ಅಭ್ಯಾಸ ತಿರುವುಮುರುವು. ಪ್ರತಿ ತಂಡದ ಪಟ್ಟಿಯ ಕೊನೆಯಲ್ಲಿ ಒಟ್ಟು ಮೊತ್ತದ ಸಾಲು ಇರುತ್ತದೆ. ಎರಡೂ ತಂಡಗಳ ಆ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನಾಲ್ಕು ವಿಷಯ ನೋಡುತ್ತೇನೆ: ಯಾರು ಎಷ್ಟು ಸಲ ಎಸೆದರು, ಎಷ್ಟು ಬಿದ್ದವು, ಫ್ರೀ ಥ್ರೋ (ಫೌಲ್‌ಗೆ ಪರಿಹಾರವಾಗಿ ಯಾರೂ ಅಡ್ಡ ಬರದೆ ಎಸೆಯುವ, ಒಂದು ಅಂಕದ ಎಸೆತ) ಎಷ್ಟು, ಚೆಂಡನ್ನು ಎಷ್ಟು ಸಲ ಕಳೆದುಕೊಂಡರು. ಪಂದ್ಯ ಎಲ್ಲಿ ವಾಲಿತು ಎಂಬುದು ಅಷ್ಟರಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ. ಆಟಗಾರರ ಹೆಸರುಗಳಿಗೆ ಹೋಗುವುದು ಆಮೇಲೆ, ಆ ವಾಲುವಿಕೆಗೆ ಯಾರು ಕಾರಣ ಎಂದು ಹುಡುಕಲು.

ಒಬ್ಬರ ಹೆಸರಿನ ಮುಂದೆ 6-24 ಎಂದು ಬರೆದಿರುತ್ತಾರಲ್ಲ, ಅದು ಏನು?

ಇಪ್ಪತ್ತನಾಲ್ಕು ಸಲ ಎಸೆದು ಆರು ಸಲ ಬಾಸ್ಕೆಟ್ ಮಾಡಿದರು ಎಂದು ಅರ್ಥ. ಮೊದಲನೆಯದು ಬಿದ್ದದ್ದು, ಎರಡನೆಯದು ಎಸೆದದ್ದು. ‘ಎಫ್‌ಜಿ’ ಕಾಲಂನಲ್ಲಿ ಇದ್ದರೆ ಆಟದ ಓಟದ ನಡುವೆ ಎಸೆದ ಎಲ್ಲ ಶಾಟ್‌ಗಳ ಲೆಕ್ಕ, ‘ಎಫ್‌ಟಿ’ ಎಂದಿದ್ದರೆ ಫ್ರೀ ಥ್ರೋಗಳ ಲೆಕ್ಕ. ಅಂದಹಾಗೆ ಈ 6-24 ನಾನು ಹೇಳಿದ 2010ರ ಪಂದ್ಯದಲ್ಲಿ ಲೇಕರ್ಸ್‌ನ ಕೋಬಿ ಬ್ರಯಂಟ್ ಅವರದೇ. ನಾಲ್ಕರಲ್ಲಿ ಒಂದು! ಆದರೂ ಅವರ ತಂಡ ಗೆದ್ದಿತು. ಹೇಗೆಂದು ಮುಂದೆ ಬರುತ್ತದೆ.

ಮೂರು ಅಂಕದ ಶಾಟ್‌ಗಳನ್ನು ಎರಡು ಕಡೆ ಎಣಿಸುತ್ತಾರೆಯೇ? ಕೂಡಿದರೆ ಲೆಕ್ಕ ಹೊಂದುತ್ತಿಲ್ಲ.

ಹೌದು, ಎರಡೂ ಕಡೆ ಇರುತ್ತವೆ. ‘ಎಫ್‌ಜಿ’ಯಲ್ಲಿ ಎರಡು ಅಂಕದವೂ ಮೂರು ಅಂಕದವೂ ಸೇರಿರುತ್ತವೆ. ‘3ಪಿ’ ಕಾಲಂ ಅದರಿಂದ ಮೂರು ಅಂಕದವನ್ನಷ್ಟೇ ಆರಿಸಿ ತೋರಿಸುತ್ತದೆ. ಹಾಗಾಗಿ ತಾಳೆ ನೋಡುವ ದಾರಿ ಇದು: ಬಿದ್ದ ಎಲ್ಲ ಬಾಸ್ಕೆಟ್‌ಗಳನ್ನು ಎರಡರಿಂದ ಗುಣಿಸಿ, ಅದಕ್ಕೆ ಬಿದ್ದ ಮೂರು ಅಂಕದವುಗಳ ಸಂಖ್ಯೆಯನ್ನು ಒಂದೊಂದಾಗಿ ಕೂಡಿಸಿ, ಕೊನೆಗೆ ಫ್ರೀ ಥ್ರೋ ಸೇರಿಸಿ.

2006ರ ಜನವರಿ 22ರಂದು ಟೊರಾಂಟೊ ರ್‍ಯಾಪ್ಟರ್ಸ್ ವಿರುದ್ಧ ಬ್ರಯಂಟ್ 81 ಅಂಕ ಗಳಿಸಿದ ಸಾಲನ್ನು ತೆಗೆದುಕೊಳ್ಳಿ. 28 ಬಾಸ್ಕೆಟ್, ಅದರಲ್ಲಿ ಮೂರು ಅಂಕದವು 7, ಫ್ರೀ ಥ್ರೋ 18. ಐವತ್ತಾರಕ್ಕೆ ಏಳು ಸೇರಿಸಿದರೆ ಅರವತ್ತಮೂರು, ಅದಕ್ಕೆ ಹದಿನೆಂಟು ಸೇರಿಸಿದರೆ ಎಂಬತ್ತೊಂದು.

ಎಸೆಯುವಾಗ ಫೌಲ್ ಆಯಿತು, ಚೆಂಡು ಬೀಳಲಿಲ್ಲ. ಅದು ವಿಫಲ ಎಸೆತ ಎಂದು ದಾಖಲಾಗುತ್ತದೆಯೇ?

ಇಲ್ಲ. ಫೌಲ್ ಆದ ಎಸೆತ ಬೀಳದಿದ್ದರೆ ಅದು ನಡೆದೇ ಇಲ್ಲ ಎಂಬಂತೆ ಪಟ್ಟಿಯಿಂದ ಮಾಯವಾಗುತ್ತದೆ, ಉಳಿಯುವುದು ಫ್ರೀ ಥ್ರೋ ಮಾತ್ರ. ಬಿದ್ದರೆ ಮಾತ್ರ ಎಸೆತವೂ ಲೆಕ್ಕ, ಬಾಸ್ಕೆಟೂ ಲೆಕ್ಕ, ಮೇಲೊಂದು ಫ್ರೀ ಥ್ರೋ ಬೇರೆ. ಎದುರಾಳಿಯ ಮೈಮೇಲೆ ನುಗ್ಗಿ ಆಡುವವರಿಗೆ ಇದೊಂದು ಸಣ್ಣ ಲಾಭ. ಹಾಗೆಯೇ, ಬ್ಲಾಕ್ ಆದ, ಅಂದರೆ ಎದುರಾಳಿ ಕೈಯೊಡ್ಡಿ ತಡೆದ ಶಾಟ್ ಎಸೆದವರ ಲೆಕ್ಕದಲ್ಲಿ ವಿಫಲ ಎಸೆತವೇ ಆಗುತ್ತದೆ.

ಎಲ್ಲರ ನಿಮಿಷ ಕೂಡಿದರೆ 240 ಬರುತ್ತದೆ. ಪಂದ್ಯ ಇರುವುದು 48 ನಿಮಿಷ ಅಲ್ಲವೇ?

ಅಂಕಣದಲ್ಲಿ ಏಕಕಾಲಕ್ಕೆ ಐದು ಜನ ಇರುತ್ತಾರೆ. ಐದು ನಲವತ್ತೆಂಟಲಿ ಇನ್ನೂರ ನಲವತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಕ್ವಾರ್ಟರ್ ಹನ್ನೆರಡರ ಬದಲು ಹತ್ತು ನಿಮಿಷದ್ದಾದ್ದರಿಂದ ಮೊತ್ತ 200 ಬರುತ್ತದೆ. ಒಂದೊಂದು ಹೆಚ್ಚುವರಿ ಅವಧಿಗೆ 25 ಸೇರುತ್ತದೆ. 1983ರ ಡಿಸೆಂಬರ್ 13ರಂದು ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಡೆನ್ವರ್ ನಗೆಟ್ಸ್ ತಂಡವನ್ನು 186–184ರಿಂದ ಮಣಿಸಿದ ಪಂದ್ಯ ಮೂರು ಹೆಚ್ಚುವರಿ ಅವಧಿಗಳಿಗೆ ಹೋಗಿತ್ತು. ಅಲ್ಲಿ ತಂಡದ ನಿಮಿಷಗಳ ಮೊತ್ತ 315.

‘ಡಿಎನ್‌ಪಿ’ ಎಂದರೆ ಗಾಯವೇ?

ಗಾಯವೇ ಆಗಬೇಕೆಂದಿಲ್ಲ. ಆಡಲಿಲ್ಲ ಎಂದಷ್ಟೇ ಅದರ ಅರ್ಥ, ಕಾರಣವನ್ನು ಪಕ್ಕದಲ್ಲಿ ಬರೆಯುತ್ತಾರೆ. ‘ಡಿಎನ್‌ಪಿ-ಸಿಡಿ’ ಎಂದಿದ್ದರೆ ಆಡಿಸದಿರಲು ಕೋಚ್ ತೀರ್ಮಾನಿಸಿದರು ಎಂದು. ಈ ಒಣ ಕಾಲಂನಲ್ಲೂ ಒಮ್ಮೆ ನಗು ಹುಟ್ಟಿತ್ತು. 2012ರ ಮಾರ್ಚ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ತನ್ನ ಹಿರಿಯ ಆಟಗಾರ ಟಿಮ್ ಡಂಕನ್ ಅವರಿಗೆ ವಿಶ್ರಾಂತಿ ಕೊಟ್ಟಾಗ ಪಟ್ಟಿಯಲ್ಲಿ ಅವರು ಆಡದಿರಲು ಕೊಟ್ಟ ಕಾರಣ: ‘ಓಲ್ಡ್’. ವಯಸ್ಸಾಯಿತು, ಅಷ್ಟೇ.

ಫೌಲ್‌ಗಳ ಕಾಲಂ ನೋಡಿ ಏನು ತಿಳಿಯಬೇಕು?

ಮುಖ್ಯವಾಗಿ, ಒಳ್ಳೆಯ ಆಟಗಾರನ ನಿಮಿಷಗಳು ಏಕೆ ಕಡಿಮೆ ಇವೆ ಎಂದು. ಎನ್‌ಬಿಎಯಲ್ಲಿ ಆರು ಫೌಲ್ ಆದರೆ ಹೊರಗೆ, ಅಂತರರಾಷ್ಟ್ರೀಯ ನಿಯಮದಲ್ಲಿ ಐದಕ್ಕೇ ಹೊರಗೆ. ಮೊದಲರ್ಧದಲ್ಲೇ ಮೂರು ಫೌಲ್ ಮಾಡಿಕೊಂಡವರನ್ನು ಕೋಚ್‌ಗಳು ಸಾಮಾನ್ಯವಾಗಿ ಬೆಂಚಿನ ಮೇಲೆ ಕೂರಿಸುತ್ತಾರೆ. ಇನ್ನೊಂದು ಸೂಕ್ಷ್ಮ: ವಾಗ್ವಾದದಂಥ ನಡತೆಯ ತಪ್ಪಿಗೆ ಕೊಡುವ ಟೆಕ್ನಿಕಲ್ ಫೌಲನ್ನು ಎನ್‌ಬಿಎ ಈ ಆರರಲ್ಲಿ ಸೇರಿಸುವುದಿಲ್ಲ, ಅಂತರರಾಷ್ಟ್ರೀಯ ನಿಯಮ ಐದರಲ್ಲಿ ಸೇರಿಸುತ್ತದೆ.

## ಕಾಲಂಗಳ ಒಳಗೆ

ರಿಬೌಂಡ್ ಎಲ್ಲವೂ ಒಂದೇ ಅಲ್ಲವೇ? ‘ಆಫೆನ್ಸಿವ್’, ‘ಡಿಫೆನ್ಸಿವ್’ ಎಂದು ಏಕೆ ಬೇರೆ ಮಾಡುತ್ತಾರೆ?

ಎದುರಾಳಿಯ ಎಸೆತ ತಪ್ಪಿದಾಗ ಚೆಂಡು ಹಿಡಿದರೆ ಡಿಫೆನ್ಸಿವ್, ತನ್ನದೇ ತಂಡದ ಎಸೆತ ತಪ್ಪಿದಾಗ ಹಿಡಿದರೆ ಆಫೆನ್ಸಿವ್. ತಪ್ಪಿದ ಚೆಂಡುಗಳಲ್ಲಿ ಹೆಚ್ಚಿನವು ರಕ್ಷಿಸುವ ತಂಡಕ್ಕೇ ಸಿಗುತ್ತವೆ, ಏಕೆಂದರೆ ಅವರು ಬಾಸ್ಕೆಟ್‌ಗೂ ಎದುರಾಳಿಗೂ ನಡುವೆ ನಿಂತಿರುತ್ತಾರೆ. ಅಂಥ ಜಾಗದಲ್ಲಿ ನುಸುಳಿ ಚೆಂಡು ಕಿತ್ತುಕೊಂಡರೆ ಮುಗಿದುಹೋಗಿದ್ದ ಸರದಿಗೆ ಮತ್ತೆ ಜೀವ ಬರುತ್ತದೆ. ಆದ್ದರಿಂದ ಆಫೆನ್ಸಿವ್ ರಿಬೌಂಡ್‌ನ ತೂಕ ಹೆಚ್ಚು. ಎನ್‌ಬಿಎ ಇವೆರಡನ್ನೂ ಬೇರೆ ಬೇರೆಯಾಗಿ ದಾಖಲಿಸಲು ಶುರುಮಾಡಿದ್ದು 1973–74ರ ಋತುವಿನಲ್ಲಿ. ವಿಲ್ಟ್ ಚೇಂಬರ್ಲೇನ್ 1960ರಲ್ಲಿ ಬೋಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ ಹಿಡಿದ 55 ರಿಬೌಂಡ್‌ಗಳು ಅಧಿಕೃತ ದಾಖಲೆಯಲ್ಲಿ ಒಂದೇ ರಾಶಿಯಾಗಿ ಉಳಿದಿರುವುದು ಅದಕ್ಕೇ.

ಆಟಗಾರರ ರಿಬೌಂಡ್ ಕೂಡಿದರೆ ತಪ್ಪಿದ ಎಸೆತಗಳ ಸಂಖ್ಯೆಗೆ ಸರಿಹೊಂದುವುದಿಲ್ಲ. ಎಣಿಕೆ ತಪ್ಪೇ?

ತಪ್ಪಲ್ಲ. ಎಸೆತ ತಪ್ಪಿ ಚೆಂಡು ಯಾರ ಕೈಗೂ ಸಿಗದೆ ಗೆರೆಯಾಚೆ ಹೋದರೆ ಆ ರಿಬೌಂಡ್ ತಂಡದ ಹೆಸರಿಗೆ ಹೋಗುತ್ತದೆ. ಟರ್ನೋವರ್‌ನಲ್ಲೂ, ಅಂದರೆ ಎಸೆಯದೆಯೇ ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದರಲ್ಲೂ, ಹೀಗೆಯೇ: ಎಸೆಯಲು ಇರುವ 24 ಸೆಕೆಂಡ್ ಮುಗಿದು ಚೆಂಡು ಕಳೆದುಕೊಂಡರೆ ತಪ್ಪು ತಂಡದ್ದು, ಯಾವೊಬ್ಬನದೂ ಅಲ್ಲ.

ಯಾವ ಪಾಸ್ ಅಸಿಸ್ಟ್, ಯಾವುದು ಬರೀ ಪಾಸ್? ಇದನ್ನು ತೀರ್ಮಾನಿಸುವವರು ಯಾರು?

ಅಂಕಣದ ಬದಿಯಲ್ಲಿ ಕುಳಿತ ಅಂಕಿಬರಹಗಾರರು. ಇಡೀ ಪಟ್ಟಿಯಲ್ಲಿ ಮನುಷ್ಯರ ಅಭಿಪ್ರಾಯ ಅತಿ ಹೆಚ್ಚು ಬೆರೆತಿರುವ ಕಾಲಂ ಇದು. ಬಾಸ್ಕೆಟ್‌ಗೆ ನೇರವಾಗಿ ದಾರಿ ಮಾಡಿಕೊಟ್ಟ ಪಾಸ್ ಅಸಿಸ್ಟ್ ಎನ್ನುವುದು ನಿಯಮ. ಆದರೆ ಪಾಸ್ ಪಡೆದವನು ಒಂದು ಹೆಜ್ಜೆ ಹಾಕಿದ, ಎರಡು ಸಲ ಚೆಂಡು ಪುಟಿಸಿದ, ಎದುರಾಳಿಯನ್ನು ವಂಚಿಸಿದ, ಆಮೇಲೆ ಎಸೆದ ಎಂದಿಟ್ಟುಕೊಳ್ಳಿ. ಶ್ರೇಯಸ್ಸು ಇನ್ನೂ ಪಾಸ್ ಕೊಟ್ಟವನದೇ? ಒಬ್ಬರು ಹೌದೆನ್ನುತ್ತಾರೆ, ಪಕ್ಕದವರು ಇಲ್ಲವೆನ್ನುತ್ತಾರೆ.

1990ರ ಮಾರ್ಚ್ 3ರಂದು ಹ್ಯೂಸ್ಟನ್ ರಾಕೆಟ್ಸ್‌ನ ಹಕೀಮ್ ಒಲಾಜುವಾನ್ 29 ಅಂಕ, 18 ರಿಬೌಂಡ್, 11 ಬ್ಲಾಕ್ ಜೊತೆಗೆ 10 ಅಸಿಸ್ಟ್ ಮಾಡಿದರೆಂದು ದಾಖಲಾಗಿತ್ತು. ನಾಲ್ಕು ಕಾಲಂಗಳಲ್ಲಿ ಎರಡಂಕಿ, ಅಪರೂಪದಲ್ಲಿ ಅಪರೂಪ. ಲೀಗ್ ದೃಶ್ಯಾವಳಿ ತರಿಸಿ ನೋಡಿತು, ಅಸಿಸ್ಟ್ ಒಂಬತ್ತಕ್ಕಿಳಿಯಿತು, ಸಾಧನೆ ಅಳಿಸಿಹೋಯಿತು. ಒಲಾಜುವಾನ್ ಸುಮ್ಮನೆ ಕೂರಲಿಲ್ಲ. ಅದೇ ತಿಂಗಳ 29ರಂದು 18 ಅಂಕ, 16 ರಿಬೌಂಡ್, 10 ಅಸಿಸ್ಟ್, 11 ಬ್ಲಾಕ್ ಮಾಡಿ ಯಾರೂ ಅಳಿಸಲಾಗದಂತೆ ಬರೆಸಿಕೊಂಡರು.

ನಿಯಮವೂ ಎಲ್ಲೆಡೆ ಒಂದೇ ಅಲ್ಲ. ಪಾಸ್ ಪಡೆದವನ ಮೇಲೆ ಎಸೆಯುವಾಗ ಫೌಲ್ ಆಗಿ, ಅವನು ಫ್ರೀ ಥ್ರೋಗಳಲ್ಲಿ ಒಂದನ್ನಾದರೂ ಹಾಕಿದರೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಪಾಸ್ ಕೊಟ್ಟವನಿಗೆ ಅಸಿಸ್ಟ್ ಸಿಗುತ್ತದೆ. ಎನ್‌ಬಿಎಯಲ್ಲಿ ಸಿಗುವುದಿಲ್ಲ. ಎರಡು ಕಡೆಯ ಅಸಿಸ್ಟ್‌ಗಳನ್ನು ಹೋಲಿಸಿ ಜಗಳವಾಡುವವರು ಇದನ್ನು ಮೊದಲು ನೆನಪಿಡಬೇಕು.

ಸ್ಟೀಲ್ ಮತ್ತು ಟರ್ನೋವರ್ ಒಂದೇ ನಾಣ್ಯದ ಎರಡು ಮುಖವೇ?

ಒಂದು ದಿಕ್ಕಿನಲ್ಲಿ ಮಾತ್ರ. ಎದುರಾಳಿಯ ಚೆಂಡು ಕದ್ದ ಪ್ರತಿ ಸ್ಟೀಲ್‌ಗೂ ಎದುರು ತಂಡದಲ್ಲೊಂದು ಟರ್ನೋವರ್ ಇದ್ದೇ ಇರುತ್ತದೆ. ಪ್ರತಿ ಟರ್ನೋವರ್‌ಗೂ ಸ್ಟೀಲ್ ಇರುವುದಿಲ್ಲ. ಗೆರೆ ತುಳಿದರೂ, ಚೆಂಡನ್ನು ಹಿಡಿದು ನಿಯಮ ಮೀರಿ ನಡೆದರೂ ಚೆಂಡು ಹೋಗುತ್ತದೆ, ಯಾರೂ ಕದ್ದಿರುವುದಿಲ್ಲ. ಸ್ಟೀಲ್ ಎಷ್ಟು ಮುಖ್ಯ ಎಂದರೆ, ಅದರ ನಂತರದ ಓಟದಲ್ಲಿ ಎದುರಾಳಿಯ ರಕ್ಷಣೆ ಇನ್ನೂ ಬೆನ್ನು ತಿರುಗಿಸಿಕೊಂಡೇ ಇರುತ್ತದೆ.

ಟ್ರಿಪಲ್-ಡಬಲ್ ಮಾಡಿದವರು ಆ ದಿನ ಚೆನ್ನಾಗಿ ಆಡಿದರು ಎಂದೇ ತಿಳಿಯಬಹುದೇ?

ಹೆಚ್ಚಾಗಿ ಹೌದು, ಆದರೆ ಅದು ಹತ್ತು ಬೆರಳಿನ ವ್ಯಾಮೋಹ. ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಇವುಗಳಲ್ಲಿ ಯಾವುದಾದರೂ ಮೂರರಲ್ಲಿ ಹತ್ತು ಮುಟ್ಟಿದರೆ ಆ ಹೆಸರು. ಒಂಬತ್ತು ರಿಬೌಂಡ್‌ಗೂ ಹತ್ತಕ್ಕೂ ಆಟದಲ್ಲಿ ಇರುವ ಅಂತರ ಒಂದೇ ಒಂದು, ಮರುದಿನದ ಸುದ್ದಿಯಲ್ಲಿ ಮಾತ್ರ ಅಜಗಜಾಂತರ.

ಈ ವ್ಯಾಮೋಹದ ಪರಾಕಾಷ್ಠೆ ಕಂಡದ್ದು 2003ರ ಮಾರ್ಚ್‌ನಲ್ಲಿ. ಕ್ಲೀವ್‌ಲ್ಯಾಂಡ್‌ನ ರಿಕಿ ಡೇವಿಸ್ ಅವರಿಗೆ ಒಂದು ರಿಬೌಂಡ್ ಕಡಿಮೆ ಬಿದ್ದಿತ್ತು, ಪಂದ್ಯ ಗೆದ್ದಾಗಿತ್ತು. ಕೊನೆಯ ಕ್ಷಣಗಳಲ್ಲಿ ಅವರು ತಮ್ಮದೇ ತಂಡ ಕಾಯಬೇಕಾದ ಬಾಸ್ಕೆಟ್ ಕಡೆ ಚೆಂಡು ಎಸೆದು ತಾವೇ ಹಿಡಿದರು! ಸ್ವಂತ ಬಾಸ್ಕೆಟ್‌ಗೆ ಎಸೆದದ್ದು ಎಸೆತವೇ ಅಲ್ಲ, ಆದ್ದರಿಂದ ರಿಬೌಂಡೂ ಇಲ್ಲ ಎಂದಾಯಿತು. ಮೇಲೆ ಅವರ ತಂಡವೇ ದಂಡ ಹಾಕಿತು.

ಇನ್ನೊಂದು ತುದಿಯಲ್ಲಿ ಡ್ರೇಮಂಡ್ ಗ್ರೀನ್ ಇದ್ದಾರೆ. 2017ರ ಫೆಬ್ರವರಿ 10ರಂದು 12 ರಿಬೌಂಡ್, 10 ಅಸಿಸ್ಟ್, 10 ಸ್ಟೀಲ್, ಗಳಿಸಿದ ಅಂಕ ಬರೀ ನಾಲ್ಕು. ಅಂಕಗಳು ಎರಡಂಕಿ ಮುಟ್ಟದ ಟ್ರಿಪಲ್-ಡಬಲ್ ಎನ್‌ಬಿಎ ಇತಿಹಾಸದಲ್ಲಿ ಅದೇ ಮೊದಲು. ಇಂಥದ್ದಕ್ಕೆ ನಾನೂ ತಲೆಬಾಗುತ್ತೇನೆ.

28 ನಿಮಿಷ ಆಡಿ ಎಲ್ಲ ಕಡೆ ಸೊನ್ನೆ. ಹೀಗೂ ಆಗುತ್ತದೆಯೇ?

ಆಗಿದೆ. 2017ರ ಫೆಬ್ರವರಿ 24ರಂದು ಮಿಲ್ವಾಕಿ ಬಕ್ಸ್‌ನ ಟೋನಿ ಸ್ನೆಲ್ ಯೂಟಾ ಜಾಝ್ ವಿರುದ್ಧ 28 ನಿಮಿಷ ಅಂಕಣದಲ್ಲಿದ್ದರು. ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದೂ ಸೊನ್ನೆ. ನಗುವ ಮುನ್ನ ಒಂದು ಮಾತು: ಯಾವ ಕೋಚ್ ಕೂಡ ದಂಡಪಿಂಡ ಎನಿಸಿದವರನ್ನು 28 ನಿಮಿಷ ಆಡಿಸುವುದಿಲ್ಲ. ಎದುರಾಳಿಯ ಒಳ್ಳೆಯ ಆಟಗಾರನನ್ನು ಕಾಯುವುದು, ಸರಿಯಾದ ಜಾಗದಲ್ಲಿ ನಿಂತು ಒಬ್ಬ ರಕ್ಷಕನನ್ನು ತನ್ನ ಕಡೆ ಸೆಳೆದಿಡುವುದು, ಇವಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಪ್ಲಸ್-ಮೈನಸ್ ನೋಡಿ ಆಟಗಾರನನ್ನು ಅಳೆಯಬಹುದೇ?

ಒಂದೇ ಪಂದ್ಯದ್ದನ್ನು ನೋಡಿ ಅಳೆಯಬೇಡಿ. ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ಅವನ ತಂಡ ಎದುರಾಳಿಗಿಂತ ಎಷ್ಟು ಅಂಕ ಹೆಚ್ಚು ಅಥವಾ ಕಡಿಮೆ ಗಳಿಸಿತು ಎನ್ನುವುದಷ್ಟೇ ಈ ಸಂಖ್ಯೆ. ಜೊತೆಗಿದ್ದ ನಾಲ್ವರ ಪುಣ್ಯಪಾಪಗಳೆಲ್ಲ ಇದರಲ್ಲಿ ಸೇರಿರುತ್ತವೆ. ಊಟಕ್ಕೆ ಕುಳಿತ ಪಂಕ್ತಿಯಲ್ಲಿ ಒಬ್ಬ ಚೆನ್ನಾಗಿ ಉಂಡರೆ ಐದೂ ಎಲೆ ಖಾಲಿಯಾಯಿತು ಎಂದು ಬರೆದಂತೆ. ತಾರೆಯ ಜೊತೆಗೇ ಇಳಿದು ಜೊತೆಗೇ ಏರುವ ಸಾಧಾರಣ ಆಟಗಾರನ ಹೆಸರಿನ ಮುಂದೆ +18 ಕಾಣಬಹುದು. ಎದುರಾಳಿಯ ಅತ್ಯುತ್ತಮ ಐವರ ವಿರುದ್ಧವೇ ಸದಾ ಆಡುವವನ ಮುಂದೆ –6 ಕಾಣಬಹುದು.

ಇಡೀ ಋತುವಿನದನ್ನು ಕೂಡಿಟ್ಟು, ಜೊತೆಗಾರರು ಯಾರು, ಎದುರಾಳಿಗಳು ಯಾರು ಎಂದು ಸರಿದೂಗಿಸಿದರೆ ಇದೇ ಸಂಖ್ಯೆ ಬಹಳ ಹೇಳುತ್ತದೆ. ಒಂದು ತಾಳೆ: ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿದರೆ ಗೆಲುವಿನ ಅಂತರದ ಐದರಷ್ಟು ಬರಬೇಕು. ನಾಲ್ಕು ಅಂಕದಿಂದ ಗೆದ್ದ 2010ರ ಲೇಕರ್ಸ್‌ಗೆ ಅದು +20.

## ತೂಗಿ ನೋಡುವುದು

ಕಡಿಮೆ ಶೇಕಡಾ ಎಸೆದ ತಂಡ ಗೆಲ್ಲುವುದು ಹೇಗೆ?

ಈಗ ಆ ಏಳನೆಯ ಪಂದ್ಯಕ್ಕೆ ಬರೋಣ. ಲೇಕರ್ಸ್ 83 ಎಸೆತಗಳಲ್ಲಿ 27 ಹಾಕಿದರು, ಶೇ 32.5. ಸೆಲ್ಟಿಕ್ಸ್ 71ರಲ್ಲಿ 29, ಶೇ 40.8. ಮೂರು ಅಂಕದವು ಲೇಕರ್ಸ್‌ಗೆ 20ರಲ್ಲಿ 4, ಸೆಲ್ಟಿಕ್ಸ್‌ಗೆ 16ರಲ್ಲಿ 6. ಇಷ್ಟನ್ನೇ ಓದಿದವರು ಬೋಸ್ಟನ್ ಗೆದ್ದಿತೆಂದು ಪಟ್ಟಿ ಮುಚ್ಚಿಡುತ್ತಾರೆ. ಫ್ರೀ ಥ್ರೋ ಬಿಟ್ಟು ಗಳಿಸಿದ ಅಂಕ ನೋಡಿದರೂ ಸೆಲ್ಟಿಕ್ಸ್ 64, ಲೇಕರ್ಸ್ 58.

ಇನ್ನು ಫ್ರೀ ಥ್ರೋ ಕಾಲಂಗೆ ಬನ್ನಿ. ಲೇಕರ್ಸ್ 37ರಲ್ಲಿ 25, ಸೆಲ್ಟಿಕ್ಸ್ 17ರಲ್ಲಿ 15. ಲೇಕರ್ಸ್ ಹನ್ನೆರಡನ್ನು ಕೈಚೆಲ್ಲಿದರು, ಆದರೂ ಹತ್ತು ಅಂಕ ಮುಂದೆ. ಆರು ಹಿಂದೆ, ಹತ್ತು ಮುಂದೆ: ಪಂದ್ಯದ ಅಂತರ ನಾಲ್ಕು ಹುಟ್ಟಿದ್ದು ಹೀಗೆ.

ಅಷ್ಟು ಎಸೆತ, ಅಷ್ಟು ಫ್ರೀ ಥ್ರೋ ಎಲ್ಲಿಂದ ಬಂದವು? ಉತ್ತರದ ದೊಡ್ಡ ಪಾಲು ರಿಬೌಂಡ್ ಕಾಲಂನಲ್ಲಿದೆ. ಒಟ್ಟು ಲೆಕ್ಕದಲ್ಲಿ ಲೇಕರ್ಸ್ 53, ಸೆಲ್ಟಿಕ್ಸ್ 40. ಆಫೆನ್ಸಿವ್ ರಿಬೌಂಡ್ ಮಾತ್ರ ನೋಡಿದರೆ ಲೇಕರ್ಸ್ 23, ಸೆಲ್ಟಿಕ್ಸ್ 8. ಎಸೆದರು, ತಪ್ಪಿತು, ಮತ್ತೆ ಹಿಡಿದರು, ಮತ್ತೆ ಎಸೆದರು. ಎರಡನೆಯ ಸಲ ಚೆಂಡು ಸಿಕ್ಕಾಗ ಎದುರಾಳಿಯ ರಕ್ಷಣೆ ಚದುರಿರುತ್ತದೆ, ಬಾಸ್ಕೆಟ್ ಕೆಳಗೆ ನೂಕುನುಗ್ಗಲು ಇರುತ್ತದೆ, ಫೌಲ್ ಸುಲಭವಾಗಿ ಆಗುತ್ತದೆ. ಪಾವ್ ಗಸೋಲ್ ಒಬ್ಬರೇ 18 ರಿಬೌಂಡ್ ಹಿಡಿದರು, 19 ಅಂಕದ ಜೊತೆಗೆ. 6-24ರ ಬ್ರಯಂಟ್ 15 ರಿಬೌಂಡ್ ಹಿಡಿದು 11 ಫ್ರೀ ಥ್ರೋ ಹಾಕಿ 23 ಅಂಕಕ್ಕೆ ತಲುಪಿದರು. ಅಂಕಿಪಟ್ಟಿಯಲ್ಲಿ ಒಂದು ಕಾಲಂ ಓದಿ ತೀರ್ಪು ಕೊಡುವವರ ಮುಂದೆ ನಾನು ಈ ಪಂದ್ಯವನ್ನೇ ಇಡುತ್ತೇನೆ.

‘ಇಎಫ್‌ಜಿ’, ‘ಟಿಎಸ್’ ಎಂದು ಎರಡು ಶೇಕಡಾ ಬೇರೆ ಏಕೆ? ಒಂದು ಸಾಲದೇ?

ಹಳೆಯ ಶೇಕಡಾ ಒಂದು ಅನ್ಯಾಯ ಮಾಡುತ್ತದೆ. ಹತ್ತರಲ್ಲಿ ಐದು ಎರಡಂಕದ ಬಾಸ್ಕೆಟ್ ಹಾಕಿದವನಿಗೂ ಐದು ಮೂರಂಕದ್ದು ಹಾಕಿದವನಿಗೂ ಶೇ 50 ಎನ್ನುತ್ತದೆ. ಒಬ್ಬ ತಂದದ್ದು ಹತ್ತು ಅಂಕ, ಇನ್ನೊಬ್ಬ ತಂದದ್ದು ಹದಿನೈದು. ಇಎಫ್‌ಜಿ ಇದನ್ನು ಸರಿಪಡಿಸುತ್ತದೆ: ಬಿದ್ದ ಬಾಸ್ಕೆಟ್‌ಗಳಿಗೆ ಮೂರಂಕದವುಗಳ ಅರ್ಧ ಸೇರಿಸಿ ಎಸೆತಗಳಿಂದ ಭಾಗಿಸುವುದು. ನಮ್ಮ ಪಂದ್ಯದಲ್ಲಿ ಲೇಕರ್ಸ್ ಶೇ 34.9, ಸೆಲ್ಟಿಕ್ಸ್ ಶೇ 45.1.

ಟಿಎಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಫ್ರೀ ಥ್ರೋಗಳನ್ನೂ ಸೇರಿಸಿಕೊಳ್ಳುತ್ತದೆ. ಅಂಕಗಳನ್ನು, ಎಸೆತಗಳು ಮತ್ತು ಫ್ರೀ ಥ್ರೋಗಳ 0.44 ಪಾಲು ಎರಡನ್ನೂ ಕೂಡಿ ಇಮ್ಮಡಿ ಮಾಡಿದ ಸಂಖ್ಯೆಯಿಂದ ಭಾಗಿಸಬೇಕು. ಆ ರಾತ್ರಿಯ ಬ್ರಯಂಟ್ ಅವರ ಇಎಫ್‌ಜಿ ಶೇ 25, ಟಿಎಸ್ ಸುಮಾರು ಶೇ 37.6. ಎರಡೂ ಕಳಪೆಯೇ, ಆದರೆ ಆ ವ್ಯತ್ಯಾಸದಲ್ಲಿ ಹನ್ನೊಂದು ಫ್ರೀ ಥ್ರೋಗಳಿವೆ. ಶೂಟಿಂಗ್ ಕೌಶಲವನ್ನಷ್ಟೇ ನೋಡಲು ಇಎಫ್‌ಜಿ, ಅಂಕ ತರುವ ಸಾಮರ್ಥ್ಯವನ್ನು ಒಟ್ಟಾಗಿ ನೋಡಲು ಟಿಎಸ್.

ಈ 0.44 ಎಲ್ಲಿಂದ ಬಂತು? ಅರ್ಧ ಎಂದಿದ್ದರೆ ಆಗುತ್ತಿರಲಿಲ್ಲವೇ?

ಎಲ್ಲ ಫ್ರೀ ಥ್ರೋಗಳೂ ಜೋಡಿಯಾಗಿ ಬಂದಿದ್ದರೆ ಅರ್ಧವೇ ಸರಿ: ಎರಡು ಎಸೆತಕ್ಕೆ ಒಂದು ಸರದಿ ಮುಗಿಯುತ್ತದೆ. (ಚೆಂಡು ಒಂದು ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಅವಧಿಯನ್ನು ಸರದಿ ಎನ್ನುತ್ತಿದ್ದೇನೆ.) ಆದರೆ ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ, ಟೆಕ್ನಿಕಲ್ ಫೌಲ್‌ನದು ಇವು ಹೊಸ ಸರದಿಯನ್ನು ತಿನ್ನುವುದಿಲ್ಲ. ಮೂರು ಎಸೆತದ ಫೌಲ್‌ಗಳೂ ಇವೆ. ಅಪಾರ ಪಂದ್ಯಗಳ ಸರಾಸರಿ ತೆಗೆದು ಒಪ್ಪಿಕೊಂಡ ಅಂದಾಜು 0.44.

ತಂಡದ ಸೋಲು-ಗೆಲುವಿನಲ್ಲಿ ಯಾವ ಅಂಕಿಗೆ ಎಷ್ಟು ತೂಕ?

ಬಾಸ್ಕೆಟ್‌ಬಾಲ್ ಅಂಕಿಶಾಸ್ತ್ರದ ಹಿರಿಯರಲ್ಲಿ ಒಬ್ಬರಾದ ಡೀನ್ ಆಲಿವರ್ ನಾಲ್ಕು ಅಂಶಗಳನ್ನು ಹೆಸರಿಸಿ ಸ್ಥೂಲವಾದ ತೂಕವನ್ನೂ ಕೊಟ್ಟಿದ್ದಾರೆ: ಶೂಟಿಂಗ್ ಶೇ 40, ಟರ್ನೋವರ್ ಶೇ 25, ರಿಬೌಂಡ್ ಶೇ 20, ಫ್ರೀ ಥ್ರೋ ಶೇ 15. ಇದು ಸಾಮಾನ್ಯ ನಡಾವಳಿ. ಒಂದು ಪಂದ್ಯ ಅದಕ್ಕೆ ವಿಧೇಯವಾಗಿರಬೇಕೆಂದೇನೂ ಇಲ್ಲ. ನಮ್ಮ ಪಂದ್ಯದಲ್ಲಿ ಅತಿ ಭಾರದ ಅಂಶ ಬೋಸ್ಟನ್ ಪಾಲಾಯಿತು. ಲೇಕರ್ಸ್ ತಾವು ಎಸೆಯುವ ಬಾಸ್ಕೆಟ್ ಕೆಳಗೆ ಸಿಗಬಹುದಾಗಿದ್ದ ರಿಬೌಂಡ್‌ಗಳಲ್ಲಿ ಸುಮಾರು ಶೇ 42ನ್ನು ಹಿಡಿದರು, ಸೆಲ್ಟಿಕ್ಸ್ ಶೇ 21ನ್ನು. ಹಗುರವಾದ ಅಂಶಗಳಲ್ಲಿ ಇಮ್ಮಡಿ ಅಂತರವಿದ್ದರೆ ಭಾರದ್ದೂ ಮೇಲೇಳುತ್ತದೆ.

ಹಿಂದಿನವರ ದಾಖಲೆಗಳನ್ನು ಇಂದಿನವರ ಜೊತೆ ಹೋಲಿಸಬಹುದೇ? ನೂರು ಅಂಕ ಎಂದರೆ ನಂಬುವುದೇ ಕಷ್ಟ.

ನಂಬಿ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ನ ಚೇಂಬರ್ಲೇನ್ 63 ಎಸೆತಗಳಲ್ಲಿ 36 ಹಾಕಿ, 32 ಫ್ರೀ ಥ್ರೋಗಳಲ್ಲಿ 28 ಹಾಕಿ ನೂರು ಮುಟ್ಟಿದರು. ಫ್ರೀ ಥ್ರೋದಲ್ಲಿ ಅವರು ಹೆಸರುವಾಸಿ ಕಳಪೆ. ನನ್ನ ಮಟ್ಟಿಗೆ ಆ ದಿನದ ನಿಜವಾದ ಪವಾಡ ಆ 28. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದು 1979–80ರಲ್ಲಿ, ಹಾಗಾಗಿ ಅದರ ನೆರವೂ ಇರಲಿಲ್ಲ. ಆದರೆ ಅಂತಿಮ ಅಂಕ ನೋಡಿ: 169–147. ಅಷ್ಟು ವೇಗದ ಆಟದಲ್ಲಿ ಸರದಿಗಳೇ ಹೆಚ್ಚು, ಎಸೆತವೂ ರಿಬೌಂಡೂ ಹೆಚ್ಚು.

ಇದಕ್ಕೆ ವಿರುದ್ಧ ದಿಕ್ಕಿನ ಪಂದ್ಯವೂ ಇದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19–18ರಿಂದ. ಚೆಂಡನ್ನು ಕೈಯಲ್ಲಿಟ್ಟುಕೊಂಡು ಕಾಲ ತಳ್ಳಲು ಆಗ ಅಡ್ಡಿಯೇ ಇರಲಿಲ್ಲ. ಲೇಕರ್ಸ್‌ನ ಹದಿನೆಂಟರಲ್ಲಿ ಹದಿನೈದು ಜಾರ್ಜ್ ಮೈಕನ್ ಅವರವು. ಇಂಥ ನಿದ್ದೆಗಣ್ಣಿನ ಆಟಕ್ಕೆ ಮದ್ದಾಗಿ 1954ರಲ್ಲಿ 24 ಸೆಕೆಂಡ್‌ಗಳ ಗಡಿಯಾರ ಬಂತು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಹಾಕಿದ ಲೆಕ್ಕ ಸರಳ: ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ, 48 ನಿಮಿಷವೆಂದರೆ 2,880 ಸೆಕೆಂಡ್, ಭಾಗಿಸಿದರೆ 24.

ಆದ್ದರಿಂದ ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಪಂದ್ಯಕ್ಕೆ ಎಷ್ಟು ಎಂದು ಕೇಳದೆ ನೂರು ಸರದಿಗೆ ಎಷ್ಟು ಎಂದು ಕೇಳಬೇಕು. ಸರದಿಗಳ ಅಂದಾಜು ಸಿಗುವುದು ಹೀಗೆ: ಎಸೆತಗಳಿಗೆ ಫ್ರೀ ಥ್ರೋಗಳ 0.44 ಪಾಲು ಮತ್ತು ಟರ್ನೋವರ್‌ಗಳನ್ನು ಕೂಡಿಸಿ ಆಫೆನ್ಸಿವ್ ರಿಬೌಂಡ್‌ಗಳನ್ನು ಕಳೆಯುವುದು. ಹಳೆಯ ಕಾಲಕ್ಕೆ ಇದನ್ನು ನಿಖರವಾಗಿ ಮಾಡಲಾಗದು. ಸ್ಟೀಲ್, ಬ್ಲಾಕ್ ಅಧಿಕೃತವಾಗಿ ದಾಖಲಾಗತೊಡಗಿದ್ದೇ 1973–74ರಿಂದ, ಆಟಗಾರರ ಟರ್ನೋವರ್ 1977–78ರಿಂದ.

ಮೂರು ಅಂಕದ ಶಾಟ್ ಅಷ್ಟು ಲಾಭದ್ದಾದರೆ ಅದನ್ನೇ ಎಸೆಯುತ್ತಿರಬಹುದಲ್ಲ?

ಸರಾಸರಿಯ ಮಾತು ಬೇರೆ, ಒಂದು ಸಂಜೆಯ ಮಾತು ಬೇರೆ. ಮೂರರಲ್ಲಿ ಒಂದು ಬಿದ್ದರೂ ಅದು ಎರಡಂಕದ ಶೇ 50ಕ್ಕೆ ಸಮ, ಲೆಕ್ಕ ಸರಿಯೇ. ಆದರೆ ಏರಿಳಿತ ದೊಡ್ಡದು. 2018ರ ಮೇ 28ರಂದು ಗೋಲ್ಡನ್ ಸ್ಟೇಟ್ ವಿರುದ್ಧದ ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ 44 ಸಲ ಮೂರಂಕಕ್ಕೆ ಎಸೆದು ಏಳನ್ನಷ್ಟೇ ಹಾಕಿತು. ನಡುವೆ ಸತತವಾಗಿ 27 ತಪ್ಪಿದವು. ಸೋತದ್ದು 101–92ರಿಂದ, ಬರೀ ಒಂಬತ್ತು ಅಂಕ. ಇದನ್ನು ತಂತ್ರದ ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ತಂತ್ರವೇ ಅವರನ್ನು ಅಲ್ಲಿಯವರೆಗೆ ತಂದಿತ್ತು.

ಕ್ವಾರ್ಟರ್ ಮುಗಿಯುವಾಗ ಅರ್ಧ ಅಂಕಣದಿಂದ ಎಸೆದರೆ ಶೇಕಡಾ ಹಾಳಾಗುವುದಿಲ್ಲವೇ?

ಹಾಳಾಗುತ್ತಿತ್ತು, ಅದಕ್ಕೇ ಅನೇಕರು ಗಂಟೆ ಬಾರಿಸಿದ ಮೇಲೆ ಎಸೆಯುವ ನಾಟಕ ಮಾಡುತ್ತಿದ್ದರು. 2025–26ರ ಋತುವಿನಿಂದ ಎನ್‌ಬಿಎ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಮೂರು ಸೆಕೆಂಡ್‌ಗಳಲ್ಲಿ, 36 ಅಡಿ ಅಥವಾ ಅದಕ್ಕಿಂತ ದೂರದಿಂದ ಎಸೆದು ತಪ್ಪಿದ್ದನ್ನು ತಂಡದ ಲೆಕ್ಕಕ್ಕೆ ಹಾಕುತ್ತದೆ. ತಡವಾಗಿ ಬಂದ ಬುದ್ಧಿ.

ಎಲ್ಲವನ್ನೂ ಸೇರಿಸಿ ಒಂದೇ ಸಂಖ್ಯೆ ಕೊಡುವ ‘ಪಿಇಆರ್’, ‘ಪಿಐಆರ್’ಗಳನ್ನು ನಂಬಬಹುದೇ?

ತರತಮ ತಿಳಿಯಲು ಸಾಕು, ತೀರ್ಪಿಗೆ ಸಾಲದು. ಯೂರೋಲೀಗ್ ಬಳಸುವ ಪಿಐಆರ್ ನೇರ ಕೂಡು-ಕಳೆ: ಒಳ್ಳೆಯದಕ್ಕೆಲ್ಲ ಒಂದೊಂದು ಸೇರಿಸು, ಕೆಟ್ಟದಕ್ಕೆಲ್ಲ ಒಂದೊಂದು ಕಳೆ. ರಿಬೌಂಡ್ ಯಾವುದಾದರೂ ಅದರ ಕಣ್ಣಿಗೆ ಒಂದೇ. ಜಾನ್ ಹಾಲಿಂಜರ್ ರೂಪಿಸಿದ ಪಿಇಆರ್ ಹೆಚ್ಚು ಜಾಣ, ವೇಗಕ್ಕೂ ನಿಮಿಷಕ್ಕೂ ಸರಿಹೊಂದಿಸಿ ಲೀಗ್‌ನ ಸರಾಸರಿಯನ್ನು 15ಕ್ಕೆ ನಿಲ್ಲಿಸುತ್ತದೆ. ಎರಡಕ್ಕೂ ಇರುವ ರೋಗ ಒಂದೇ: ಪಟ್ಟಿಯಲ್ಲಿ ಇರುವುದನ್ನು ಮಾತ್ರ ತೂಗುತ್ತವೆ, ಆದ್ದರಿಂದ ರಕ್ಷಣೆಯಲ್ಲಿ ಬೆವರು ಸುರಿಸುವವರಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ರಕ್ಷಣೆ, ಓಡಾಟ, ಜಾಗ ಹಿಡಿಯುವುದು ಇವುಗಳಿಗೆ ಅಂಕಿಯೇ ಇಲ್ಲವೇ?

ಬಾಕ್ಸ್ ಸ್ಕೋರ್‌ನಲ್ಲಿ ಇಲ್ಲ, ಬೇರೆ ಕಡೆ ಈಗ ಬಹಳ ಇವೆ. 2013–14ರಿಂದ ಎನ್‌ಬಿಎಯ ಎಲ್ಲ ಅಂಕಣಗಳ ಮೇಲೂ ಚೆಂಡನ್ನೂ ಆಟಗಾರರನ್ನೂ ಹಿಂಬಾಲಿಸುವ ಕ್ಯಾಮೆರಾಗಳಿವೆ. 2016ರ ಡಿಸೆಂಬರ್ 5ರಂದು ಕ್ಲೇ ಥಾಂಪ್ಸನ್ ಇಂಡಿಯಾನಾ ವಿರುದ್ಧ 29 ನಿಮಿಷಗಳಲ್ಲಿ 60 ಅಂಕ ಗಳಿಸಿದ್ದು ಬಾಕ್ಸ್ ಸ್ಕೋರ್ ಹೇಳುವ ಸುದ್ದಿ. ಅಷ್ಟಕ್ಕೂ ಚೆಂಡು ಅವರ ಕೈಯಲ್ಲಿದ್ದದ್ದು ಒಟ್ಟು ಒಂದೂವರೆ ನಿಮಿಷದಷ್ಟು, ಪುಟಿಸಿದ್ದು ಹನ್ನೊಂದೇ ಸಲ ಎಂಬುದು ಕ್ಯಾಮೆರಾ ಹೇಳಿದ್ದು. ಉಳಿದ ಹೊತ್ತೆಲ್ಲ ಅವರು ಓಡುತ್ತಿದ್ದರು, ಜೊತೆಗಾರರು ಅಡ್ಡ ನಿಂತು ದಾರಿ ಬಿಡಿಸುತ್ತಿದ್ದರು. ಎದುರಾಳಿಯ ಪಾಸ್‌ಗೆ ಕೈ ತಾಗಿಸಿದ್ದು, ಮೈಯೊಡ್ಡಿ ಫೌಲ್ ಪಡೆದದ್ದು, ಅಡ್ಡ ನಿಂತು ಬಾಸ್ಕೆಟ್‌ಗೆ ದಾರಿ ಮಾಡಿಕೊಟ್ಟದ್ದು ಇವನ್ನೆಲ್ಲ ಲೀಗ್ ಈಗ ಪ್ರತ್ಯೇಕವಾಗಿ ಪ್ರಕಟಿಸುತ್ತದೆ.

ಇಷ್ಟಾದರೂ ಯಾವ ಕಾಲಂಗೂ ಸಿಗದ್ದು ಉಳಿಯುತ್ತದೆ. 2010ರ ಆ ಏಳನೆಯ ಪಂದ್ಯದ ಸೆಲ್ಟಿಕ್ಸ್ ಪಟ್ಟಿಯನ್ನು ಇನ್ನೊಮ್ಮೆ ತೆರೆಯಿರಿ. ಬಾಸ್ಕೆಟ್ ಕೆಳಗಿನ ಅವರ ಗಟ್ಟಿಗ ಕೆಂಡ್ರಿಕ್ ಪರ್ಕಿನ್ಸ್ ಆರನೆಯ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು. ಅವರ ಜಾಗದಲ್ಲಿ ಆಟ ಶುರುಮಾಡಿದವರು ರಶೀದ್ ವಾಲೆಸ್. ಲೇಕರ್ಸ್‌ನ 23 ಆಫೆನ್ಸಿವ್ ರಿಬೌಂಡ್‌ಗಳು ಆ ಪಟ್ಟಿಯಲ್ಲಿ ಕಾಣುತ್ತವೆ. ಪರ್ಕಿನ್ಸ್ ಅವರ ಮುಂದೆ ಯಾವ ಅಂಕಿಯೂ ಇಲ್ಲ.